ಮೂರು ಬಾಯಿಯ ಓದು

ಫೆಬ್ರವರಿ ೪

ಮಗಳೇ ಗಿಣಿ,

ಎಡಗಾಲಿನ ಮಂಡಿಯೊಂದನ್ನು ಬಿಟ್ಟರೆ ಇಲ್ಲಿ ಎಲ್ಲವೂ ನೆಟ್ಟಗಿದೆ. ನಿನ್ನ ಕಾಗದ ಮೊನ್ನೆ ಬಂತು. ಕನ್ನಡಕವನ್ನು ಹಣೆಗೇರಿಸಿಕೊಂಡು ಓದುವ ನನ್ನ ಹಳೇ ಚಾಳಿ ಗೊತ್ತಲ್ಲ, ಅವಸರದಲ್ಲಿ ಅರ್ಧ ಓದಿ, ನಿನಗೇನೋ ಬಡ್ತಿ ಸಿಕ್ಕಿದೆ ಎಂದು ತಿಳಿದು, ಪಕ್ಕದ ಮನೆಯ ಹೊಲಿಗೆಯವಳಿಗೆ ಹೇಳಿಯೂಬಿಟ್ಟೆ. ಅಮ್ಮನ ಜೊತೆ ಮೆಟ್ಟಿಲ ಮೇಲೆ ಕೂತು ಅವಳಿಗೆ ಕಾಗದ ಓದಿ ಹೇಳುತ್ತಿದ್ದಳಲ್ಲ, ಅವಳೇ. ಆಮೇಲೆ ಉಳಿದರ್ಧ ಓದಿದೆ. ಕಾರ್ಮಿಕ ಸಂಘದ ಪ್ರತಿನಿಧಿ. ಈಗ ಅವಳಿಗೆ ಏನೆಂದು ತಿದ್ದಿ ಹೇಳಲಿ?

ಕಂಗ್ರಾಜುಲೇಷನ್ಸ್ ಎಂದು ಇಂಗ್ಲಿಷಿನಲ್ಲಿ ಬರೆಯಲು ಹೊರಟೆ. ಸ್ಪೆಲ್ಲಿಂಗ್ ನೆನಪಾಗಲಿಲ್ಲ. ಆದ್ದರಿಂದ ಕನ್ನಡದಲ್ಲಿ ಬೈಯುತ್ತೇನೆ.

ಮೂರು ಆಸ್ಪತ್ರೆಗಳ ಹಾಸಿಗೆ ಬಟ್ಟೆ ಒಗೆಯುವ ಲಾಂಡ್ರಿ ಅದು. ನಿನ್ನ ಕೆಲಸ ಒಗೆದದ್ದನ್ನು ಮಡಿಸುವುದು. ಮಡಿಸಿ ಸುಮ್ಮನಿರಬಾರದಿತ್ತೆ? ಮೂವತ್ತೆರಡು ಹೆಂಗಸರ ನೋವನ್ನು ನಿನ್ನ ಒಬ್ಬಳ ಬಾಯಲ್ಲಿ ಹೇಳಬೇಕು. ಗೆದ್ದರೆ ಅದು ಎಲ್ಲರ ಗೆಲುವು, ಸೋತರೆ ನಿನ್ನೊಬ್ಬಳ ತಪ್ಪು. ಹಗ್ಗ ಕೊಟ್ಟು ಕೈ ಕಟ್ಟಿಸಿಕೊಳ್ಳುವುದು ಎಂದರೆ ಇದೇ. ನಮ್ಮ ಕಾಲೇಜಿನ ಇಂಗ್ಲಿಷ್ ಲೆಕ್ಚರರು ಹೇಳುತ್ತಿದ್ದರು: ದಿ ಮ್ಯಾನ್ ಹೂ ಸ್ಪೀಕ್ಸ್ ಫಾರ್ ಆಲ್... ಆಮೇಲೆ ಏನೋ ಇತ್ತು. ಒಟ್ಟಿನಲ್ಲಿ ಅವನ ಕಥೆ ಚೆನ್ನಾಗಿ ಮುಗಿಯುವುದಿಲ್ಲ.

ನೂಲಿನ ಮಿಲ್ಲಿನಲ್ಲಿ ನಾನೂ ಎರಡು ವರ್ಷ ಅದನ್ನು ಮಾಡಿದವನೇ. ಯಾಕೆ ಬಿಟ್ಟೆ ಎಂದು ನೀನು ಚಿಕ್ಕವಳಿದ್ದಾಗ ಕೇಳಿದ್ದೆ. ಅಮ್ಮನ ಕಾಯಿಲೆಗೆ ಎಂದು ನಾನು ಹೇಳಿದ್ದೆ. ಆಫೀಸಿನ ಮೇಜಿಗೆ ಹೋದರೆ ಬರೀ ಹಗಲು ಪಾಳಿ, ಅವಳನ್ನು ನೋಡಿಕೊಳ್ಳಬಹುದಿತ್ತು. ಅವಳು ಹೋಗಿಯೂ ಮೂರು ವರ್ಷವಾಯಿತು. ಅವಳ ಚಪ್ಪಲಿ ಇನ್ನೂ ಬಾಗಿಲ ಹಿಂದೆಯೇ ಇದೆ, ಗುಡಿಸುವಾಗ ಎತ್ತಿಟ್ಟು ಮತ್ತೆ ಅಲ್ಲೇ ಇಡುತ್ತೇನೆ.

ಇನ್ನೂ ಸಮಯವಿದೆ. ಮೈಯಲ್ಲಿ ಹುಷಾರಿಲ್ಲ ಎಂದು ಹೇಳಿ ಬಿಟ್ಟುಬಿಡು.

ಇಂತಿ,
ನಿನ್ನ ಅಪ್ಪ


ಫೆಬ್ರವರಿ ೨೦

ಅಪ್ಪಾ,

ಬೈಗುಳ ತಲುಪಿತು. ಸ್ಪೆಲ್ಲಿಂಗ್ ತಪ್ಪಿರಲಿಲ್ಲ.

ನಾನೇನು ಕೇಳಿ ಹೋದದ್ದಲ್ಲ. ಹಿಂದಿನ ಪ್ರತಿನಿಧಿ ಸೂಪರ್‌ವೈಸರ್ ಆಗಿ ಆ ಕಡೆ ಹೋದಳು. ಒಣಗಿಸುವ ಯಂತ್ರಗಳ ಹಿಂದೆ ಎಲ್ಲರೂ ಸೇರಿದ್ದೆವು. ಕೊನೆಗೆ ನಮ್ಮ ಇಸ್ತ್ರಿ ಅಕ್ಕ ನನ್ನ ಕಡೆ ಬೆರಳು ಮಾಡಿ, "ಇವ್ಳಿಗೆ ಬಾಯಿದೆ, ಗಂಡ ಇಲ್ಲ, ಮ್ಯಾನೇಜರ್ ಕಂಡ್ರೆ ಹೆದ್ರಿಕೆ ಇಲ್ಲ. ಇನ್ನೇನ್ ಬೇಕು?" ಎಂದಳು. "ಬುದ್ಧಿ ಬೇಕಲ್ಲ" ಎಂದೆ. "ಅದು ನಮ್ಹತ್ರ ಇದೆ, ನೀನು ಬಾಯಿ ತಗೊಂಡ್ ಬಾ" ಎಂದಳು. ಎಲ್ಲರೂ ನಕ್ಕರು, ಕೈ ಎತ್ತಿದರು, ಮುಗಿಯಿತು.

ನಮ್ಮ ಜಗಳ ಸೂಜಿಯದು. ಆಸ್ಪತ್ರೆಯಿಂದ ಬರುವ ಕೊಳೆ ಬಟ್ಟೆಯನ್ನು ವಿಂಗಡಣೆ ಕೋಣೆಯ ಆರು ಜನ ಕೈಯಲ್ಲೇ ಬಿಡಿಸುತ್ತಾರೆ. ಚುಚ್ಚಿ ಬಿಟ್ಟ ಸೂಜಿಗಳು ಚಾದರಗಳೊಳಗೇ ಬರುತ್ತವೆ. ಕೊಟ್ಟಿರುವ ಕೈಗವಸು ಈರುಳ್ಳಿ ಸಿಪ್ಪೆಯಷ್ಟು ತೆಳ್ಳಗಿದೆ.

ಇಲ್ಲಿ ಒಂದು ಪದ್ಧತಿ ಇದೆ, ನಿನಗೆ ಇಷ್ಟವಾಗುತ್ತದೆ. ಕಂಪನಿಯಿಂದ ಏನೇ ಕಾಗದ ಬರಲಿ, ಒಬ್ಬರೇ ಓದಿ ಹೇಳುವ ಹಾಗಿಲ್ಲ. ಒಬ್ಬರ ನಂತರ ಒಬ್ಬರು, ಮೂವರು, ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೆ ಓದಬೇಕು. ಮೂರು ಬಾಯಿಯ ಓದು ಎನ್ನುತ್ತಾರೆ. ಹಿಂದೆ ಎಲ್ಲೋ ಒಬ್ಬ ಪ್ರತಿನಿಧಿ ಒಪ್ಪಂದ ಓದುವಾಗ ಬೇಕೆಂದೇ ಎರಡು ಹಾಳೆ ಒಟ್ಟಿಗೆ ಮಗುಚಿದನಂತೆ. ಮಧ್ಯದಲ್ಲಿದ್ದದ್ದು ಯಾರಿಗೂ ಕೇಳಿಸಲಿಲ್ಲ, ಒಂದು ಇಡೀ ಶೆಡ್ಡು ಬೀದಿಗೆ ಬಿತ್ತು. ಈಗಲೂ ಯಾರಾದರೂ ಮೋಸ ಮಾಡಿದರೆ "ಎರಡ್ಹಾಳೆ ಮಾಡ್ಬೇಡ" ಎನ್ನುತ್ತಾರೆ. ಕಣ್ಣು ತಪ್ಪಿಸಿ ಒಂದು ಚಾದರ ಮಡಿಸದೆ ಬಿಟ್ಟರೆ ಅದಕ್ಕೂ ಎರಡ್ಹಾಳೆ. ಈ ಪದ್ಧತಿ ತಂದವರು ನಮ್ಮ ಬಾಯ್ಲರ್ ಅಜ್ಜ. ಅವರೂ ನಿಮ್ಮ ಮಿಲ್ಲಿನಲ್ಲಿ ಇದ್ದವರಂತೆ. ನೀನು ಯಾರೆಂದು ಹೇಳಲು ಹೋದೆ, ಅಷ್ಟರಲ್ಲಿ ಗಂಟೆ ಹೊಡೆಯಿತು.

ಆ ಹಾಳೆ ಮಗುಚಿದ ಮನುಷ್ಯ ನಿನಗೆ ಗೊತ್ತಿದ್ದನಾ ಅಪ್ಪ?

ನಿನ್ನ
ಗಿಣಿ


ಮಾರ್ಚ್ ೨

ಮಗಳೇ,

ಮಂಡಿಗೆ ಹೊಸ ಎಣ್ಣೆ ತಂದಿದ್ದೇನೆ. ವಾಸನೆಗೆ ಬೆಕ್ಕು ಮನೆ ಬಿಟ್ಟು ಹೋಗಿದೆ, ನೋವು ಹೋಗಿಲ್ಲ.

ಮಿಲ್ಲು ಎಂದ ಮೇಲೆ ಸಾವಿರ ಕಥೆ ಇರುತ್ತದೆ. ಒಬ್ಬ ಹಾಳೆ ಮಗುಚಿದ, ಒಬ್ಬ ಗೋಡೆ ಹಾರಿದ. ಗಾಸಿಪ್ ಈಸ್ ದಿ ಬ್ರೆಡ್ ಆಫ್ ಐಡಲ್... ಐಡಲ್ ಏನೋ. ಜನಕ್ಕೆ ಬೈಯಲು ಒಬ್ಬ ಬೇಕು. ಹಾಳೆಗಳು ಕೆಲವು ಸಲ ಅಂಟಿಕೊಳ್ಳುತ್ತವೆ. ಮೂರು ಗಂಟೆಯ ಪಾಳಿ ಬದಲಾವಣೆ, ಮಿಲ್ಲಿನೊಳಗಿನ ಬೆವರು, ಒದ್ದೆ ಬೆರಳು. ಇದನ್ನು ಯಾರೂ ಯೋಚಿಸುವುದಿಲ್ಲ. ನಾನು ಆ ಮನುಷ್ಯನ ಪರ ಮಾತಾಡುತ್ತಿಲ್ಲ, ಹೀಗೂ ಇರಬಹುದು ಎನ್ನುತ್ತಿದ್ದೇನೆ ಅಷ್ಟೆ.

ನಿಮ್ಮ ಬಾಯ್ಲರಿನವರು ಹೇಳಿದ್ದು ಸುಳ್ಳು. ಬಣ್ಣದ ಶೆಡ್ಡಿನಲ್ಲಿ ಅಂಥವರು ಯಾರೂ ಇರಲಿಲ್ಲ. ನನಗೆ ಒಬ್ಬೊಬ್ಬರ ಮುಖವೂ ನೆನಪಿದೆ. ನಾನು ಯಾರೆಂದು ಅವರಿಗೆ ಹೇಳಬೇಡ. ಹಳೇ ಪರಿಚಯ ಎಂದು ಸಾಲ ಗೀಲ ಕೇಳುತ್ತಾರೆ.

ಕೆಲಸಕ್ಕೆ ಬರುವ ಮಾತು ಹೇಳುತ್ತೇನೆ. ಮ್ಯಾನೇಜರು ಕರೆದಾಗ ಕೂರಲು ಕುರ್ಚಿ ಕೊಡುತ್ತಾರೆ. ಕೂರಬೇಡ. ಮೊದಲನೇ ದಿನ ಅದು ಬರೀ ಕುರ್ಚಿ. ಆರನೇ ತಿಂಗಳಿಗೆ ನಿಂತುಕೊಂಡರೆ ಕಾಲು ನೋಯಲು ಶುರುವಾಗುತ್ತದೆ. ಪಿಂಗಾಣಿ ಬಟ್ಟಲಿನಲ್ಲಿ ಚಹಾ ಕೊಡುತ್ತಾರೆ. "ನಿಮ್ಮಂಥ ಓದಿದವರು ಆ ಜನರ ನಡುವೆ ಹೇಗಿದ್ದೀರೋ" ಎನ್ನುತ್ತಾರೆ. ಮೊಣಕೈಗೆ ತುಪ್ಪ ಸವರುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಮನೆಗೆ ಬಂದು ಮೊಣಕೈ ಮೂಸಿ ನೋಡಿಕೊಂಡರೆ ಪರಿಮಳ ಚೆನ್ನಾಗಿಯೇ ಇರುತ್ತದೆ, ಅದೇ ಕಷ್ಟ.

ದಪ್ಪ ಕೈಗವಸನ್ನು ನಾನೇ ಕೊಂಡು ಕಳಿಸಲೇ? ನೀನು ವಿಂಗಡಣೆ ಕೋಣೆಯೊಳಗೆ ಹೋಗಬೇಡ.

ಇಂತಿ,
ಅಪ್ಪ


ಏಪ್ರಿಲ್ ೧೧

ಅಪ್ಪಾ,

ಕೈಗವಸು ಬಂತು. ನಾನು ಮಡಿಸುವವಳು, ನನಗೇಕೆ? ವಿಂಗಡಣೆಯವರಿಗೆ ಕೊಟ್ಟೆ. ಆರು ಜನಕ್ಕೆ ಒಂದು ಜೊತೆ, ಸರದಿಯಲ್ಲಿ ಹಾಕಿಕೊಳ್ಳುತ್ತಾರೆ.

ಕಳೆದ ವಾರ ಆ ಆರು ಜನರಲ್ಲಿ ಒಬ್ಬಳಿಗೆ ಸೂಜಿ ಅಂಗೈಗೆ ಇಳಿಯಿತು. ಎರಡು ಮಕ್ಕಳ ತಾಯಿ. ಅವತ್ತು ಕೈಗವಸಿನ ಸರದಿ ಅವಳದಾಗಿರಲಿಲ್ಲ. ಯಾವ ರೋಗಿಯ ಸೂಜಿಯೋ ತಿಳಿಯದು, ರಕ್ತಪರೀಕ್ಷೆ ಮೂರು ತಿಂಗಳ ಮೇಲೆ ಇನ್ನೊಮ್ಮೆ ಆಗಬೇಕಂತೆ. ಅಲ್ಲಿಯವರೆಗೆ ಮಕ್ಕಳ ತಟ್ಟೆ ಲೋಟ ಮುಟ್ಟುವುದಿಲ್ಲ ಎಂದು ಕೂತಿದ್ದಾಳೆ. ಹಾಗೆ ಹರಡುವುದಿಲ್ಲ ಎಂದರೆ ಕೇಳುವುದಿಲ್ಲ. ಅರ್ಧ ಪಾಳಿ ಯಂತ್ರ ನಿಲ್ಲಿಸಿದೆವು. ಮ್ಯಾನೇಜರ್ ಕುರ್ಚಿ ತೋರಿಸಿದ. ನಾನು ಕೂರಲಿಲ್ಲ. ಅವನೂ ಎದ್ದು ನಿಲ್ಲಬೇಕಾಯಿತು. ಇಸ್ತ್ರಿ ಅಕ್ಕ ಇದನ್ನೇ ಎಲ್ಲರಿಗೂ ಕುಣಿದು ತೋರಿಸುತ್ತಿದ್ದಾಳೆ.

ಈಗ ಒಪ್ಪಂದದ ಕರಡು ಕೊಟ್ಟಿದ್ದಾರೆ. ಪೂರ್ತಿ ಇಂಗ್ಲಿಷ್. ನಮ್ಮಲ್ಲಿ ಯಾರಿಗೂ ಅಷ್ಟು ಬರುವುದಿಲ್ಲ. ಇದರ ಜೊತೆ ಒಂದು ಪ್ರತಿ ಇಟ್ಟಿದ್ದೇನೆ. ನೀನು ಕನ್ನಡದಲ್ಲಿ ಬರೆದು ಕಳಿಸು, ಅದನ್ನು ನಾವು ಮೂವರು ಓದುತ್ತೇವೆ. ತಿಂಗಳ ಕೊನೆಗೆ ಸಹಿ ಹಾಕಬೇಕು. ನನ್ನ ಸಹಿ ಬಿದ್ದರೆ ಮೂವತ್ತೆರಡು ಜನದ್ದೂ ಬಿದ್ದ ಹಾಗೆ. ಒಂದು ಮಾತೂ ಬಿಡಬೇಡ ಅಪ್ಪ. ನಮ್ಮಪ್ಪ ಕಾಲೇಜಿಗೆ ಹೋದವರು ಎಂದು ಎಲ್ಲರೆದುರು ಹೇಳಿಬಿಟ್ಟಿದ್ದೇನೆ.

ನಿನ್ನ
ಗಿಣಿ


ಏಪ್ರಿಲ್ ೨೦

ಮಗಳೇ ಗಿಣಿ,

ನಾಲ್ಕು ದಿನ ಕೂತು ಬರೆದಿದ್ದೇನೆ. ಡಿಕ್ಷನರಿಯಲ್ಲಿ 'ಪಿ' ಅಕ್ಷರದ ಹಾಳೆಗಳನ್ನು ಇಲಿ ತಿಂದಿದೆ. ಆದರೂ ತೊಂದರೆಯಾಗಲಿಲ್ಲ, ಕಲಿತದ್ದು ಎಲ್ಲಿ ಹೋಗುತ್ತದೆ. ಓದುತ್ತ ಓದುತ್ತ ಮತ್ತೆ ಕಾಲೇಜಿನ ಬೆಂಚಿನ ಮೇಲೆ ಕೂತ ಹಾಗಾಯಿತು.

ಒಳ್ಳೆಯ ಒಪ್ಪಂದ. ಹನ್ನೊಂದು ಅಂಶಗಳಿವೆ, ಬೇರೆ ಹಾಳೆಯಲ್ಲಿ ಸಂಖ್ಯೆ ಹಾಕಿ ಅಚ್ಚುಕಟ್ಟಾಗಿ ಬರೆದಿದ್ದೇನೆ. ದಪ್ಪ ಕೈಗವಸು ಉಂಟು. ಪ್ರತಿ ವಾರ್ಡಿನಲ್ಲಿ ಸೂಜಿಗೆ ಬೇರೆ ಡಬ್ಬಿ ಉಂಟು. ವರ್ಷಕ್ಕೆ ಎರಡು ಸಲ ವೈದ್ಯರ ತಪಾಸಣೆ. ಗಾಯವಾದವಳಿಗೆ ರಜೆ, ಸಂಬಳ ಸಹಿತ. ಹನ್ನೊಂದನೆಯದನ್ನು ಓದುವಾಗ ನನಗೆ ಕಣ್ಣು ಮಂಜಾಯಿತು: ಈಗಿನ ಪ್ರತಿನಿಧಿಯನ್ನು ಸೂಪರ್‌ವೈಸರ್ ತರಬೇತಿಗೆ ತೆಗೆದುಕೊಳ್ಳುವುದು. ಅದು ನೀನು. ಹೊಲಿಗೆಯವಳಿಗೆ ನಾನು ತಿದ್ದಿ ಹೇಳದೆ ಉಳಿದದ್ದೇ ಒಳ್ಳೆಯದಾಯಿತು.

ಇಂಗ್ಲಿಷ್ ಪ್ರತಿಯನ್ನು ಅವರೆದುರು ಹರಡಿಕೊಂಡು ಕೂರಬೇಡ. ಅರ್ಥವಾಗದವರ ಮುಂದೆ ಇಟ್ಟರೆ ಇಲ್ಲದ ಅನುಮಾನ. ನನ್ನ ಹಾಳೆಯನ್ನೇ ಓದಿ. ಒಪ್ಪಂದವೆಂದರೆ ಒಂದೇ ಬಟ್ಟೆ, ಒಂದು ಎಳೆ ಹಿಡಿದು ಜಗ್ಗಿದರೆ ಪೂರ್ತಿ ಬಿಚ್ಚಿಕೊಳ್ಳುತ್ತದೆ. ಸೈನ್ ಮಾಡು ಮಗಳೇ. ಮಡಿಸಿ ಮಡಿಸಿ ನಿನ್ನ ಬೆನ್ನು ಈಗಲೇ ಬಾಗಿದೆ, ಕಳೆದ ಸಲ ಬಂದಾಗ ನೋಡಿದೆ.

ಇಂತಿ,
ಅಪ್ಪ


ಮೇ ೬

ಅಪ್ಪನವರಿಗೆ,

ಇಸ್ತ್ರಿ ಅಕ್ಕನಿಗೆ ಇಂಗ್ಲಿಷ್ ಬರುವುದಿಲ್ಲ. ಅಂಕಿ ಬರುತ್ತದೆ.

ನಾವು ಮೂವರೂ ನಿಮ್ಮ ಹಾಳೆ ಓದಿ ಮುಗಿಸಿದೆವು. ಎಲ್ಲರೂ ಚಪ್ಪಾಳೆ ತಟ್ಟಿದರು. ಸಹಿ ಹಾಕಲು ಪೆನ್ನು ತೆಗೆದೆ. ಅಕ್ಕ ಕಂಪನಿಯ ಪ್ರತಿಯನ್ನು ಎಳೆದುಕೊಂಡು ಅಂಚಿನಲ್ಲಿ ಬೆರಳಿಟ್ಟು ಎಣಿಸಿದಳು. "ಇಲ್ಲಿ ಹನ್ನೆರಡಿದೆ. ನಿಮ್ಮಪ್ಪನ್ದು ಹನ್ನೊಂದು. ಒಂದೆಲ್ಲಿ ಬಿತ್ತು?" "ಎರಡನ್ನು ಸೇರಿಸಿ ಬರೆದಿರಬೇಕು" ಎಂದೆ. ನಿಮಗೋಸ್ಕರ ಹೇಳಿದ ಮಾತು ಅದು. ಆಸ್ಪತ್ರೆಯ ಟೈಪಿಸ್ಟ್ ಹತ್ತಿರ ಓದಿಸಿದೆವು. ಬಿದ್ದದ್ದು ಒಂಬತ್ತನೆಯದು: ಜುಲೈ ಒಂದರಿಂದ ವಿಂಗಡಣೆ ಕೋಣೆ ಗುತ್ತಿಗೆದಾರನಿಗೆ. ಈಗಿರುವ ಆರು ಜನರನ್ನು ಕೆಲಸದಿಂದ ಬಿಡಿಸತಕ್ಕದ್ದು. ಕೈಗವಸು, ಡಬ್ಬಿ, ತಪಾಸಣೆ, ಎಲ್ಲ ಅವರು ಹೋದ ಮೇಲೆ. ಸಂಬಳ ಸಹಿತ ರಜೆ ಎಂದಿರಲ್ಲ, ಅದು ಜೂನ್ ಮೂವತ್ತರವರೆಗೆ ಮಾತ್ರ. ತಾರೀಖನ್ನೂ ಬಿಟ್ಟಿದ್ದಿರಿ.

ಗಾಯವಾದವಳು ಅಲ್ಲೇ ಕೂತಿದ್ದಳು. ನನ್ನನ್ನು ಏನೂ ಕೇಳಲಿಲ್ಲ. ಕೇಳಿದ್ದರೆ ಚೆನ್ನಾಗಿತ್ತು.

ಬಾಯ್ಲರ್ ಅಜ್ಜ ಬಾಗಿಲಲ್ಲಿ ನಿಂತಿದ್ದರು. "ನಿಮ್ಮಪ್ಪ ಎಲ್ಲಿ ಕೆಲ್ಸ ಮಾಡ್ತಿದ್ರು ತಾಯಿ?" ಎಂದರು. ನೂಲಿನ ಮಿಲ್ಲು ಎಂದೆ. "ಓದುವಾಗ ಕನ್ನಡಕ ಹಣೆಗೆ ಏರಿಸ್ಕೋತಾರಾ?" ಎಂದರು. ಹೌದು ಎಂದೆ. ಅವರು ಬಾಯ್ಲರಿನ ಕಡೆ ಹೋದರು. ಕುಂಬಳಕಾಯಿ ಕಳ್ಳ ಎಂದರೆ ನೀವೇ ಹೆಗಲು ಮುಟ್ಟಿ ನೋಡಿಕೊಂಡಿರಿ. ಮಾರ್ಚ್ ತಿಂಗಳ ನಿಮ್ಮ ಕಾಗದವನ್ನು ಮತ್ತೆ ತೆಗೆದು ಓದಿದೆ. ಹಾಳೆ ಅಂಟಿಕೊಂಡಿರಬಹುದು ಎಂದು ಬರೆದಿದ್ದೀರಿ. ಬೀದಿಗೆ ಬಿದ್ದದ್ದು ಬಣ್ಣದ ಶೆಡ್ಡು ಎಂದಾಗಲಿ, ಓದಿದ್ದು ಪಾಳಿ ಬದಲಾಗುವ ಹೊತ್ತಿನಲ್ಲಿ ಎಂದಾಗಲಿ ನಾನು ಬರೆದೇ ಇರಲಿಲ್ಲ.

ನಾನು ಪ್ರತಿನಿಧಿಯಾಗಿ ಉಳಿಯುತ್ತೇನೋ ಇಲ್ಲವೋ ಎಂದು ಹದಿನೈದು ದಿನಕ್ಕೆ ಸಭೆ ಸೇರಿ ಹೇಳುತ್ತಾರೆ.

ಮಗಳು


ಮೇ ೨೮

ಮಗಳೇ,

ಎರಡು ಕಾರ್ಡು ಬರೆದೆ, ನಿನ್ನಿಂದ ಉತ್ತರವಿಲ್ಲ. ಸಭೆಯಲ್ಲಿ ಏನಾಯಿತೆಂದು ತಿಳಿಯದು. ನನ್ನನ್ನು 'ನೀವು' ಎಂದಿದ್ದೀಯ. ಮ್ಯಾನೇಜರಿಗೆ ಹೇಳುವ ಹಾಗೆ.

ಹೇಳುತ್ತೇನೆ. ಐ ಶಲ್ ಟೆಲ್ ದಿ ಹೋಲ್... ಇಂಗ್ಲಿಷ್ ಬೇಡ. ಆ ಭಾಷೆ ಬಂದಿದ್ದರಿಂದಲೇ ನಾನು ಪ್ರತಿನಿಧಿಯಾದದ್ದು. ಒಪ್ಪಂದಗಳೆಲ್ಲ ಇಂಗ್ಲಿಷಿನಲ್ಲಿ ಬರುತ್ತಿದ್ದವು, ಮಿಲ್ಲಿನಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದವರು ಇಬ್ಬರೇ. ನಾನು, ನನ್ನ ಗೆಳೆಯ. ಅವನು ಬಣ್ಣದ ಶೆಡ್ಡಿನಲ್ಲಿದ್ದ, ಅವತ್ತು ಅವನು ಹಿಂದಿನ ಪಾಳಿ ಮುಗಿಸಿ ಮನೆಗೆ ಹೋಗಿದ್ದ. ಆ ಹೊತ್ತನ್ನು ನಾನೇ ಆರಿಸಿದ್ದೆ. ನೂಲಿನ ಉರುಳೆ ತುಂಬುವ ಖಾಲಿ ಪೆಟ್ಟಿಗೆಯ ಮೇಲೆ ನಿಂತು ಓದಿದೆ, ಕನ್ನಡದಲ್ಲಿ ಹೇಳುತ್ತ ಹೋದೆ. ಬೆರಳಿಗೆ ಎಂಜಲು ಹಚ್ಚಿ ಮಗುಚಿದೆ. ಐದನೇ ಹಾಳೆಯಾದ ಮೇಲೆ ಏಳನೆಯದು. ಹಾಳೆಗಳು ಅಂಟಿಕೊಂಡಿರಲಿಲ್ಲ.

ಆರನೇ ಹಾಳೆಯಲ್ಲಿ ಬಣ್ಣದ ಶೆಡ್ಡು ಮುಚ್ಚುವ ಮಾತಿತ್ತು. ಅದನ್ನು ಓದಿದ್ದರೆ ಯಾರೂ ಒಪ್ಪುತ್ತಿರಲಿಲ್ಲ. ಉಳಿದ ನಾನೂರು ಜನಕ್ಕೆ ಒಳ್ಳೆಯದೇ ಆಗುತ್ತದೆ ಎಂದುಕೊಂಡೆ. ಇದನ್ನು ಎಷ್ಟು ಸಲ ನನಗೆ ನಾನೇ ಹೇಳಿಕೊಂಡಿದ್ದೇನೆಂದರೆ, ಈಗ ಪಾಠ ಒಪ್ಪಿಸಿದ ಹಾಗೆ ಬಾಯಿಗೆ ಬರುತ್ತದೆ. ತಿಂಗಳೊಳಗೆ ನನಗೆ ಆಫೀಸಿನಲ್ಲಿ ಮೇಜು ಕುರ್ಚಿ ಆಯಿತು.

ನಿನ್ನ ಅಮ್ಮನಿಗೆ ಆಗ ಯಾವ ಕಾಯಿಲೆಯೂ ಇರಲಿಲ್ಲ. ನಾಲ್ಕು ವರ್ಷದ ಮೇಲೆ ಬಂತು. ಬಂದ ಮೇಲೆ ನನಗೆ ಒಂದು ಕಾರಣ ಸಿಕ್ಕಿತು.

ಅವಳಿಗೆ ಓದು ಬರುತ್ತಿರಲಿಲ್ಲ. ಅವಳ ಅಕ್ಕನ ಕಾಗದ ಬಂದರೆ ನಾನೇ ಓದಿ ಹೇಳಬೇಕು, ಅವಳು ಗೋಡೆಗೆ ಒರಗಿ ಕಣ್ಣು ಮುಚ್ಚಿ ಕೇಳುತ್ತಿದ್ದಳು. ಶೆಡ್ಡು ಮುಚ್ಚಿದ ವಾರ ಒಂದು ಕಾಗದ ಬಂತು. ಅದನ್ನು ಸೆರಗಿನೊಳಗೆ ಇಟ್ಟುಕೊಂಡು ಹೊಲಿಗೆಯವಳ ಮನೆಗೆ ಹೋದಳು. ಆಮೇಲೆ ಯಾವತ್ತೂ ನನ್ನ ಕೈಗೆ ಕೊಡಲಿಲ್ಲ. ಒಂದು ಸಲ ಕೇಳಿದೆ, ಯಾಕೆ, ನಾನಿಲ್ಲವೇ ಎಂದು. ಅವಳು ಸೊಪ್ಪು ಬಿಡಿಸುತ್ತಿದ್ದಳು, ತಲೆ ಎತ್ತಲಿಲ್ಲ. "ಅವ್ಳು ಎಲ್ಲಾ ಓದ್ತಾಳೆ" ಎಂದಳು. ಅಷ್ಟೇ. ಇಪ್ಪತ್ತಾರು ವರ್ಷದಲ್ಲಿ ಆ ವಿಷಯ ಅಷ್ಟೇ ಮಾತಾಡಿದ್ದು.

ಒಂಬತ್ತನೆಯದನ್ನು ನಿನಗೋಸ್ಕರ ಬಿಟ್ಟೆ. ಆ ಆರು ಜನರನ್ನು ನಾನು ನೋಡಿಲ್ಲ, ನಿನ್ನ ಬೆನ್ನನ್ನು ನೋಡಿದ್ದೇನೆ. ಇದನ್ನು ಸಮರ್ಥನೆ ಎಂದು ಬರೆದಿಲ್ಲ. ಬರೆಯುವಾಗ ಕೈ ನಡುಗಲಿಲ್ಲ, ಅದನ್ನೂ ಹೇಳಬೇಕು.

ಬಣ್ಣದ ಶೆಡ್ಡಿನವರನ್ನು ಇಲ್ಲಿ ಬರೆದಿಡುತ್ತೇನೆ: ಬಣ್ಣದ ಮೇಸ್ತ್ರಿ, ಅವನ ಮೈದುನ, ನೀಲಿಕೈ, ಹಾಡುಗಾರ, ಉಪ್ಪಿನ ಮೂಟೆ ಹೊರುವ ಇಬ್ಬರು, ಅಣ್ಣತಮ್ಮಂದಿರು ಮೂವರು, ನೂಲು ಒಣಹಾಕುವ ಹೆಂಗಸರು ಐವರು, ತೊಟ್ಟಿ ತೊಳೆಯುವ ಅಜ್ಜಿ, ಅವಳ ಮಗ, ತಕ್ಕಡಿಯವನು, ನನ್ನ ಗೆಳೆಯ. ಹದಿನೆಂಟು ಜನ. ಎರಡು ಸಲ ಎಣಿಸಿದ್ದೇನೆ. ಈ ಸಲ ಏನನ್ನೂ ಬಿಟ್ಟಿಲ್ಲ.

ಇಂತಿ,
ಅಪ್ಪ


ಜೂನ್ ೩೦

ಅಪ್ಪನವರಿಗೆ,

ನಿಮ್ಮ ಕಾಗದ ಬಂತು. ಮೂವರು ಓದಿದೆವು. ನಾನು, ಇಸ್ತ್ರಿ ಅಕ್ಕ, ಗಾಯವಾದವಳು. ಗಟ್ಟಿಯಾಗಿ, ಮೊದಲಿನಿಂದ ಕೊನೆಯವರೆಗೆ. ನಿಮ್ಮನ್ನು ಕೇಳಿ ಓದಬೇಕಿತ್ತು, ಕೇಳಲಿಲ್ಲ.

ಸಹಿ ಹಾಕುವುದಿಲ್ಲ ಎಂದ ಮೇಲೆ ಒಂಬತ್ತನೆಯದನ್ನು ಕಂಪನಿಯವರು ಹಿಂದಕ್ಕೆ ತೆಗೆದುಕೊಂಡರು, ನನ್ನ ತರಬೇತಿಯ ಹನ್ನೆರಡನೆಯದನ್ನು ನಾವೇ ಹೊಡೆದುಹಾಕಿದೆವು. ಆರು ಜನ ನಾಳೆಯೂ ಕೆಲಸಕ್ಕೆ ಬರುತ್ತಾರೆ. ನಾನು ಪ್ರತಿನಿಧಿಯಾಗಿ ಉಳಿದಿದ್ದೇನೆ, ಮೂರು ಕೈ ಹೆಚ್ಚಾಗಿ ಎದ್ದವು. ಕಂಪನಿಯ ಕಾಗದ ಈಗ ನೇರವಾಗಿ ನನ್ನ ಕೈಗೆ ಕೊಡುವುದಿಲ್ಲ, ಅಕ್ಕ ಎಣಿಸಿದ ಮೇಲೆ ಕೊಡುತ್ತಾರೆ. ಅವರು ಮಾಡುವುದು ಸರಿಯಾಗಿಯೇ ಇದೆ.

ಓದುವಾಗ ಬಾಯ್ಲರ್ ಅಜ್ಜನನ್ನೂ ಕರೆದಿದ್ದೆವು. ಅವರಿಗೆ ಅಕ್ಷರ ಬರುವುದಿಲ್ಲ. ಮೂರು ಸಲವೂ ಕಣ್ಣು ಮುಚ್ಚಿಕೊಂಡು ಕೇಳಿದರು. ಮೂರನೇ ಸಲ ಮುಗಿದ ಮೇಲೆ ನಿಮ್ಮನ್ನು ಬೈಯುತ್ತಾರೆ ಎಂದು ಕಾದೆ. ಅವರು ಬೈಯಲಿಲ್ಲ.

"ಹದಿನೆಂಟಲ್ಲ ತಾಯಿ, ಹತ್ತೊಂಬತ್ತು" ಎಂದರು. "ತೊಟ್ಟಿ ಕೆಳ್ಗೆ ಒಲೆ ಉರಿಸ್ತಿದ್ದೆ ನಾನು. ಸೇರಿ ಮೂರೇ ವಾರ ಆಗಿತ್ತು, ನಿಮ್ಮಪ್ಪನಿಗೆ ನನ್ ಮುಖ ಗೊತ್ತಿಲ್ಲ."

ನಿಮ್ಮ ಪಟ್ಟಿಯ ಕೆಳಗೆ ಅವರನ್ನೂ ಅವರೆದುರಿಗೇ ಬರೆದು ಸೇರಿಸಿದೆ. ಎಲ್ಲಿ ಬರೆದೆ ಎಂದು ಕೇಳಿ, ಆ ಜಾಗಕ್ಕೆ ಹೆಬ್ಬೆರಳು ಒತ್ತಿ ನೋಡಿದರು.

ಮಗಳು